ಯಜಮಾನರನ್ನು ಕಳಿಸಿ ಮೇಡಂ

“ಇದೆಲ್ಲ ನಿಮಗೆ ಗೊತ್ತಾಗಲ್ಲ, ಯಜಮಾನರನ್ನು ಕಳಿಸಿ ಮೇಡಂ.”

ರಾಜಾಜಿನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದಾದ ಹುಡುಗ ಹೀಗೆಂದಾಗ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. “ಹೌದಪ್ಪಾ, ನಮಗೇನು ತಿಳಿಯುತ್ತೆ ಇದೆಲ್ಲ” ಎಂದು ನಕ್ಕು, ಚೀಲ ಹೆಗಲಿಗೇರಿಸಿ ಮನೆಗೆ ಬಂದೆ. ಆ ಹುಡುಗನ ಮಾತಿಗಿಂತ ನನ್ನ ಆ ನಗುವಿನಿಂದಲೇ ಹೆಚ್ಚು ಅಪಾಯ ಎಂದು ತಿಳಿಯಲು ನನಗೆ ಒಂಬತ್ತು ದಿನ ಬೇಕಾಯಿತು.

ಸಂಗತಿ ಇಷ್ಟೆ. ನನ್ನ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಳು, ಕೊನೆಯ ವರ್ಷ. ಕಟ್ಟಡವನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ತೋರಿಸುವ ಆ ಚಿತ್ರಗಳಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಲದಂತೆ. ಹುಡುಗರು ಗೇಮ್ ಆಡಲು ಕೊಳ್ಳುತ್ತಾರಲ್ಲ, ಒಳಗೆ ಬೇರೆಯದೇ ಗ್ರಾಫಿಕ್ಸ್ ಕಾರ್ಡ್ ಇರುವ ಭಾರದ ಯಂತ್ರ, ಅಂಥದ್ದು ಬೇಕು. ಎರಡು ವರ್ಷ ಚೀಟಿ ಕಟ್ಟಿ, ಎತ್ತಿದ ಹಣಕ್ಕೆ ಇನ್ನಷ್ಟು ಸೇರಿಸಿ ಕೊಂಡಿದ್ದೆವು. ಅದರ ಚಾರ್ಜರೋ, ಒಂದು ಇಟ್ಟಿಗೆಯಷ್ಟು ದಪ್ಪ. ದಿನಾ ವಿಜಯನಗರದಿಂದ ಕೆಂಗೇರಿಗೆ ಮೆಟ್ರೊದಲ್ಲಿ ಹೋಗಿಬರುವ ಹುಡುಗಿ, ವೈರನ್ನು ಆ ಇಟ್ಟಿಗೆಗೇ ಬಿಗಿಯಾಗಿ ಸುತ್ತಿ ಚೀಲಕ್ಕೆ ತುರುಕುತ್ತಿದ್ದಳು. ಒಂದು ದಿನ ವೈರಿನ ಕುತ್ತಿಗೆ ಮುರಿದು ಚಾರ್ಜರ್ ಸತ್ತೇಹೋಯಿತು. ಥೀಸಿಸ್ ಒಪ್ಪಿಸಲು ಉಳಿದಿದ್ದದ್ದು ಮೂರು ವಾರ.

ಹುಡುಗನ ಅಪ್ಪಣೆಯಂತೆ ಯಜಮಾನರು ಹೋದರು. ನಮ್ಮವರು ಮೂವತ್ತು ವರ್ಷ ಲೆಕ್ಕ ಬರೆದವರು, ಒಂದು ಪೈಸೆ ತಪ್ಪದವರು. ಆದರೆ ಮನೆಯಲ್ಲಿ ಫ್ಯೂಸ್ ಹೋದರೆ ಕೆಳಗೆ ನಿಂತು ಟಾರ್ಚ್ ಹಿಡಿಯುವವರು ಅವರು, ಸ್ಟೂಲ್ ಹತ್ತಿ ತಂತಿ ಕಟ್ಟುವವಳು ನಾನು. ಅಂಗಡಿಯ ಹುಡುಗನಿಗೆ ಇದು ಹೇಗೆ ತಿಳಿಯಬೇಕು? ಪ್ಯಾಂಟು ಷರಟು ಕಂಡಿತು, ಗೌರವ ಕೊಟ್ಟ. ಇವರು ಇಪ್ಪತ್ತೇ ನಿಮಿಷದಲ್ಲಿ ಗೆದ್ದುಬಂದವರಂತೆ ಬಂದರು. “ಸಾವಿರದ ನೂರು ರೂಪಾಯಿ. ಪಿನ್ ಸರಿಯಾಗಿ ಕೂತುಕೊಳ್ಳುತ್ತೆ. ನಡೆಯುತ್ತೆ ಸಾರ್ ಅಂದ.” ಬಿಲ್ಲು? “ಬಿಲ್ಲು ಬೇಕಂದ್ರೆ ಇನ್ನೂ ಜಾಸ್ತಿ ಆಗುತ್ತಂತೆ.”

ನಡೆಯಿತು, ಕುಂಟುತ್ತಾ. ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಚಿತ್ರ ಎರಡು ಗಂಟೆಯಾದರೂ ಮುಗಿಯದು. ಸ್ವಿಚ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗುವುದು. ಚಾರ್ಜರ್ ಮುಟ್ಟಿದರೆ ದೋಸೆ ಕಾವಲಿ. “ಹೊಸದಲ್ವಾ ಅಮ್ಮ, ಸೆಟ್ ಆಗುತ್ತೆ” ಎಂದಳು ಮಗಳು. ಒಂಬತ್ತನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಸುಟ್ಟ ವಾಸನೆಗೆ ನನಗೆ ಎಚ್ಚರವಾಯಿತು. ಎದ್ದು ಹೋಗಿ ನೋಡಿದರೆ, ಕೆಲಸ ಮಾಡುತ್ತಲೇ ನಿದ್ದೆ ಹೋಗಿದ್ದಾಳೆ ಹುಡುಗಿ. ಅವಳ ಮೊಣಕೈಯಿಂದ ಒಂದು ಗೇಣು ದೂರದಲ್ಲಿ, ಹಾಸಿಗೆಯ ಮೇಲೆ, ಆ ಚಾರ್ಜರ್ ಮೆತ್ತಗಾಗಿ ಬಾಗಿದೆ. ಅದರಡಿ ಹೊದಿಕೆ ಅಂಗೈಯಗಲ ಕಂದಿ ತೂತಾಗಿದೆ. ಸ್ವಿಚ್ ಆರಿಸಿದ ಮೇಲೂ ನನ್ನ ಕೈ ನಡುಗುತ್ತಿತ್ತು.

ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಎರಡೂ ಚಾರ್ಜರುಗಳನ್ನು ಬೋರಲು ಹಾಕಿದೆ. ಹಳೆಯದರ ಬೆನ್ನ ಮೇಲೆ, ಔಟ್‌ಪುಟ್ ಎಂಬಲ್ಲಿ, 19.5 ವೋಲ್ಟ್, 11.8 ಆಂಪಿಯರ್, 230 ವಾಟ್ ಎಂದಿತ್ತು. ಹೊಸದರಲ್ಲಿ 19.5 ವೋಲ್ಟ್, 4.62 ಆಂಪಿಯರ್, 90 ವಾಟ್. ಮೂವರು ಸೇರಿ ಎತ್ತುವ ಹಂಡೆಯನ್ನು ಒಬ್ಬಳ ಸೊಂಟಕ್ಕೆ ಏರಿಸಿದ್ದೆವು. ಅವಳು ಕುಸಿಯದೆ ಇನ್ನೇನಾದಾಳು?

ಈಗ ನೀವೇ ಹೇಳಿ, ಇದರಲ್ಲಿ ‘ನಮಗೆ ಗೊತ್ತಾಗದಂಥದ್ದು’ ಏನಿತ್ತು?

ಮಿಕ್ಸಿ ಕೊಳ್ಳುವಾಗ ‘500 ವಾಟಾ, 750 ವಾಟಾ’ ಎಂದು ಕೇಳದ ಹೆಂಗಸು ನಮ್ಮ ಬಡಾವಣೆಗಳಲ್ಲಿ ಇದ್ದಾಳೆಯೇ? 500 ವಾಟಿನ ಮಿಕ್ಸಿಗೆ ದಿನವೂ ಗಟ್ಟಿ ದೋಸೆಹಿಟ್ಟು ಹಾಕಿ ತಿರುಗಿಸಿದರೆ ಮೋಟಾರು ವಾಸನೆ ಬರುತ್ತದೆ ಎಂದು ಯಾವ ಇಂಜಿನಿಯರು ಬಂದು ನಮಗೆ ಕಲಿಸಿದ? ಅದೇ ವಾಟು ಇದು. ವೋಲ್ಟ್ ಎಂದರೇನೆಂದು ಕಾವೇರಿ ನೀರಿಗೆ ಕಾದು ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ನಲ್ಲಿಯ ಪ್ರೆಷರ್ ಇದ್ದಹಾಗೆ. ಆಂಪಿಯರ್ ಎಂದರೆ ನಿಮಿಷಕ್ಕೆ ಎಷ್ಟು ಕೊಡ ನೀರು ಹರಿದೀತು ಎಂಬ ಲೆಕ್ಕ. ಎರಡನ್ನೂ ಗುಣಿಸಿದರೆ ವಾಟ್. ಹಾಲಿನವನ ತಿಂಗಳ ಲೆಕ್ಕ ಮಾಡುವವರಿಗೆ 19.5ನ್ನು 11.8ರಿಂದ ಗುಣಿಸುವುದು ದೊಡ್ಡದೇ?

ನಿಯಮ ಮೂರೇ. ವೋಲ್ಟ್ ಹಳೆಯದರಲ್ಲಿ ಎಷ್ಟಿದೆಯೋ ಅಷ್ಟೇ ಇರಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. ಹೆಚ್ಚಿದ್ದರೆ ತೊಂದರೆಯಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಾದರೆ ನಮ್ಮ ಮನೆಯ ಕಥೆ. ಮೂರನೆಯದು ಪಿನ್. ಅದು ಕೂತರಷ್ಟೇ ಸಾಲದು. ಕೆಲವು ಕಂಪನಿಯವರು ಪಿನ್ನಿನ ನಡುವೆ ಸೂಜಿಯಂಥ ಒಂದು ಕಡ್ಡಿ ಇಟ್ಟಿರುತ್ತಾರೆ. ‘ನಾನು ಇಷ್ಟು ವಾಟಿನ ಚಾರ್ಜರ್’ ಎಂದು ಲ್ಯಾಪ್‌ಟಾಪಿಗೆ ಗುರುತು ಹೇಳುವುದು ಅದರ ಕೆಲಸ. ಗುರುತು ಸಿಗದಿದ್ದರೆ ಯಂತ್ರ ಬ್ಯಾಟರಿ ತುಂಬಿಸಿಕೊಳ್ಳುವುದಿಲ್ಲ, ವೇಗವನ್ನೂ ಇಳಿಸಿಕೊಳ್ಳುತ್ತದೆ. ಬೀಗದೊಳಗೆ ಹೋದ ಬೀಗದಕೈಗಳೆಲ್ಲ ಬಾಗಿಲು ತೆಗೆಯುತ್ತವೆಯೇ?

ಇನ್ನು ಚಿನ್ನದ ಅಂಗಡಿಯಲ್ಲಿ ನಮ್ಮನ್ನು ನೋಡಬೇಕು. ಎರಡು ಗ್ರಾಮಿನ ಓಲೆಗೂ ಭೂತಗನ್ನಡಿ ಕೇಳುತ್ತೇವೆ. ಹಾಲ್‌ಮಾರ್ಕಿನ ಪಕ್ಕದ ಆರು ಅಕ್ಷರ-ಅಂಕೆಗಳನ್ನು ಓದದೆ ಬಿಡುವುದಿಲ್ಲ. 2023ರ ಏಪ್ರಿಲ್ 1ರಿಂದ ಅದು ಕಡ್ಡಾಯವಾಗಿದೆ ಎಂದು ನಾವೇ ಅಂಗಡಿಯವನಿಗೆ ಪಾಠ ಹೇಳುತ್ತೇವೆ. ಆ ಗುರುತು ಕೊಡುವ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋವೇ ಚಾರ್ಜರಿಗೂ ಗುರುತು ಕೊಡುತ್ತದೆ! ಎಲೆಕ್ಟ್ರಾನಿಕ್ ವಸ್ತುಗಳ ಕಡ್ಡಾಯ ನೋಂದಣಿಗೆ 2012ರಲ್ಲಿ ಆದೇಶ ಬಂತು. 2014ರಲ್ಲಿ ಕಂಪ್ಯೂಟರುಗಳ ಪವರ್ ಅಡಾಪ್ಟರುಗಳನ್ನೂ ಅದಕ್ಕೆ ಸೇರಿಸಿದರು. ಚಾರ್ಜರಿನ ಬೆನ್ನ ಮೇಲೆ ಆ ಗುರುತು, ಐಎಸ್ ಸಂಖ್ಯೆ, ‘ಆರ್’ ಅಕ್ಷರದ ಮುಂದೆ ಎಂಟು ಅಂಕೆ ಇರಬೇಕು. ಬಳೆಯ ನಂಬರನ್ನು ಪರೀಕ್ಷಿಸುವ ‘ಬಿಐಎಸ್ ಕೇರ್’ ಎಂಬ ಅದೇ ಆ್ಯಪಿನಲ್ಲಿ ಈ ಎಂಟು ಅಂಕೆಯನ್ನೂ ಹಾಕಿ ನೋಡಬಹುದು. ಯಾವ ಕಂಪನಿ, ಯಾವ ವಸ್ತು ಎಂದು ತೋರಿಸುತ್ತದೆ. ಆ್ಯಪ್ ನನ್ನ ಫೋನಿನಲ್ಲೇ ಇತ್ತು. ಒಮ್ಮೆಯೂ ಚಾರ್ಜರಿಗೆಂದು ತೆಗೆದಿರಲಿಲ್ಲ. ಬಳೆ ಖೋಟಾ ಆದರೆ ಹೋಗುವುದು ದುಡ್ಡು. ಹಾಸಿಗೆಯ ಮೇಲೆ ಮಲಗಿರುವುದು ಮಗು!

ಯಾಕೆ ಹೀಗೆ? ಚಿನ್ನ ನಮ್ಮದು, ಕರೆಂಟು ಗಂಡಸರದು ಎಂದು ಯಾರು ಹಂಚಿಕೊಟ್ಟರು? ಈ ಊರಿನಲ್ಲಂತೂ ಅದು ನಾಚಿಕೆಗೇಡಿನ ಮಾತು. ಬೆಂಗಳೂರಿನ ಸಿಟಿ ಮಾರುಕಟ್ಟೆಯ ಬಳಿ ವಿದ್ಯುತ್ ಬೀದಿದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು. ನಮ್ಮ ಮೈಸೂರು ರಸ್ತೆಯಲ್ಲೇ, ಹಿಂದೆ ಸರ್ಕಾರಿ ವಿದ್ಯುತ್ ಕಾರ್ಖಾನೆ ಎನಿಸಿದ್ದ ಕವಿಕಾದಲ್ಲಿ ಟ್ರಾನ್ಸ್‌ಫಾರ್ಮರುಗಳು ತಯಾರಾದವು. 1961ರಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇಲ್ಲಿ ಗಡಿಯಾರದ ಕಾರ್ಖಾನೆ ತೆರೆದಾಗ, ಕೂದಲೆಳೆಯಂಥ ಬಿಡಿಭಾಗಗಳನ್ನು ಜೋಡಿಸಲು ಕೂತವರಲ್ಲಿ ಹೆಣ್ಣುಮಕ್ಕಳು ಎಷ್ಟೊಂದು ಜನ! ನನ್ನ ಚಿಕ್ಕಮ್ಮನೇ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತಿದವಳು. ಎಷ್ಟು ಸುತ್ತಿಗೆ ಎಷ್ಟು ವೋಲ್ಟ್ ಎಂದು ಬಾಯಿಪಾಠವಾಗಿ ಹೇಳುತ್ತಿದ್ದಳು. ಚಾರ್ಜರಿನ ಹೊಟ್ಟೆಯೊಳಗೂ ಅಂಥದ್ದೇ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ತಯಾರಿಸುವಾಗ ನಮ್ಮ ಬೆರಳು ಸೂಕ್ಷ್ಮ, ಕೊಳ್ಳುವಾಗ ನಮ್ಮ ಬುದ್ಧಿ ಮಂದ! ಎಂಥ ನ್ಯಾಯ ಇದು?

“ಇಷ್ಟೆಲ್ಲ ತಲೆನೋವೇಕೆ, ಕಂಪನಿಯ ಅಸಲಿ ಚಾರ್ಜರನ್ನೇ ಕೊಳ್ಳಿ” ಎಂದರು ಪಕ್ಕದ ಮನೆಯವರು. ಕೊಳ್ಳುವ ಶಕ್ತಿಯಿದ್ದರೆ, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಿಂದಲೇ ಕೊಳ್ಳುವುದು ಒಳ್ಳೆಯದು. ನಾನು ಬೇಡವೆನ್ನುವುದಿಲ್ಲ. ಆದರೆ ಒಂದೇ ಕಂಪನಿ 65 ವಾಟಿನದನ್ನೂ ಮಾಡುತ್ತದೆ, 230 ವಾಟಿನದನ್ನೂ ಮಾಡುತ್ತದೆ. ಹೆಸರು ಓದಿ ವಾಟು ಓದದಿದ್ದರೆ ಅಸಲಿಯೂ ಕೆಲಸಕ್ಕೆ ಬಾರದು. ಜೊತೆಗೆ, ಅಸಲಿಯ ಸ್ಟಿಕರನ್ನು ನಕಲಿಗೆ ಅಂಟಿಸಲು ಎಷ್ಟು ಹೊತ್ತು ಬೇಕು?

“ಇನ್ನು ಮುಂದೆ ಎಲ್ಲಕ್ಕೂ ಫೋನಿನ ಹಾಗೆ ಟೈಪ್-ಸಿ ಪಿನ್ನೇ ಬರುತ್ತದಂತೆ” ಎಂದು ಇನ್ನೊಬ್ಬರ ಸಮಾಧಾನ. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನುಗಳಿಗೆ, 2026ರ ಏಪ್ರಿಲ್ 28ರಿಂದ ಲ್ಯಾಪ್‌ಟಾಪುಗಳಿಗೆ ಅಂಥ ಕಾನೂನು ಮಾಡಿದ್ದು ನಿಜ. ಆದರೆ ಪಿನ್ ಒಂದೇ ಆದಮಾತ್ರಕ್ಕೆ ಶಕ್ತಿ ಒಂದೇ ಆಗುವುದಿಲ್ಲ. ಟೈಪ್-ಸಿಯಲ್ಲಿ ಮೊದಲು 100 ವಾಟೇ ಮಿತಿಯಾಗಿತ್ತು. 2021ರಲ್ಲಿ ಅದನ್ನು 240ಕ್ಕೆ ಏರಿಸಿದರು. ಅಷ್ಟನ್ನು ಕೊಡಲು ಚಾರ್ಜರಿಗೆ ಶಕ್ತಿಯಿರಬೇಕು, ತಾಳಿಕೊಳ್ಳಲು ಕೇಬಲಿಗೆ ಶಕ್ತಿಯಿರಬೇಕು, ತೆಗೆದುಕೊಳ್ಳಲು ಲ್ಯಾಪ್‌ಟಾಪ್ ಒಪ್ಪಬೇಕು. ಎಲ್ಲ ಸೀರೆಯೂ ಆರು ಗಜವೇ ಎಂದು ಯಾವುದನ್ನಾದರೂ ಉಡುತ್ತೇವೆಯೇ?

ನನ್ನ ಸಿಟ್ಟು ಅಂಗಡಿಯವನ ಮೇಲಿದೆ, ಇಲ್ಲವೆನ್ನಲಾರೆ. ಅಷ್ಟು ಶಕ್ತಿಯ ಯಂತ್ರಕ್ಕೆ 90 ವಾಟು ಕೊಟ್ಟವನು ಅವನು. ವಾಪಸು ಕೊಡಲು ಹೋದರೆ “ಚಾರ್ಜರಿಗೆಲ್ಲ ಗ್ಯಾರಂಟಿ ಇಲ್ಲ ಮೇಡಂ” ಎಂದ. ಗ್ರಾಹಕರ ಹಕ್ಕಿಗೆ 2019ರ ಕಾಯ್ದೆ ಇದೆ, 1915 ಎಂಬ ಸಹಾಯವಾಣಿಯೂ ಇದೆ. ಆದರೆ ದೂರು ಕೊಡಲು ನನ್ನ ಕೈಯಲ್ಲಿ ಒಂದು ಚೂರು ಕಾಗದ ಬೇಡವೇ? ಬಿಲ್ಲು ಬಿಟ್ಟು ಬಂದವರು ನಾವೇ.

ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆ. ‘ನಮಗೇನು ತಿಳಿಯುತ್ತೆ’ ಎನ್ನುವುದನ್ನು ನಾವು ವಿನಯವೆಂದುಕೊಂಡಿದ್ದೇವೆ. ನಿಜ ಹೇಳಬೇಕೆಂದರೆ ಅದು ನಮಗೊಂದು ಅನುಕೂಲ. ತಿಳಿಯದು ಎಂದರೆ ಹೊಣೆಯಿಲ್ಲ. ಕೆಟ್ಟರೆ ‘ನೀವೇ ತಂದಿದ್ದು’ ಎಂದು ಗಂಡನ ಮೇಲೆ ಹಾಕಬಹುದು. ಆ ರಾತ್ರಿ ನಾನೂ ಇವರನ್ನು ಹಾಗೇ ಅಂದೆ. ಪಾಪ, ಇವರು ಮಾತಾಡಲಿಲ್ಲ. ಅವರಿಗೂ ತಿಳಿದಿರಲಿಲ್ಲ. ‘ಗಂಡಸಾಗಿ ಗೊತ್ತಿಲ್ಲ ಎನ್ನುವುದು ಹೇಗೆ’ ಎಂದು ಅಂಗಡಿಯಲ್ಲಿ ತಲೆಯಾಡಿಸಿದ್ದರು, ಅಷ್ಟೆ. ನಾನು ತಿಳಿಯದವಳಂತೆ ನಕ್ಕೆ, ಅವರು ತಿಳಿದವರಂತೆ ತಲೆಯಾಡಿಸಿದರು. ನಡುವೆ ಸುಟ್ಟದ್ದು ಮಗಳ ಹಾಸಿಗೆ.

ಎರಡನೆಯ ಬಾರಿ ಬಸವೇಶ್ವರನಗರದ ಬೇರೊಂದು ಅಂಗಡಿಗೆ ನಾನೇ ಹೋದೆ. ಹಳೆಯ ಚಾರ್ಜರನ್ನು ಕೌಂಟರಿನ ಮೇಲೆ ಬೋರಲಿಟ್ಟೆ. “19.5 ವೋಲ್ಟ್, 11.8 ಆಂಪಿಯರಿಗೆ ಕಡಿಮೆ ಇರಬಾರದು. ಮೂರು ಪಿನ್ನಿನ ವೈರ್ ಬೇಕು, ಅರ್ಥಿಂಗ್ ಇಲ್ಲದಿದ್ದರೆ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತೆ. ಬಿಐಎಸ್ ನಂಬರ್ ತೋರಿಸಿ” ಎಂದೆ. ಅವನು ಮೊದಲು ತೆಗೆದದ್ದನ್ನು ಒಳಗಿಟ್ಟು, ಬೇರೊಂದನ್ನು ತಂದ. ಎಂಟು ಅಂಕೆಗಳನ್ನು ಅವನೆದುರೇ ಫೋನಿಗೆ ಹಾಕಿದೆ. ಮಗಳು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅವಳ ಅತಿ ಭಾರದ ಚಿತ್ರವನ್ನು ಅಲ್ಲೇ ಕಾಲು ಗಂಟೆ ಓಡಿಸಿ ನೋಡಿದಳು. ಬ್ಯಾಟರಿ ಇಳಿಯಲಿಲ್ಲ. ನಾಲ್ಕು ಸಾವಿರದ ಚಿಲ್ಲರೆ ಕೊಟ್ಟೆವು. ಸುಟ್ಟ ಸಾವಿರದ ನೂರನ್ನೂ ಸೇರಿಸಿಕೊಂಡರೆ, ಅಗ್ಗ ಎಷ್ಟು ದುಬಾರಿಯಾಯಿತೆಂದು ಇವರೇ ಲೆಕ್ಕ ಹಾಕಿದರು.

ಮನೆಗೆ ಹೋದಮೇಲೆ ನೀವೂ ಒಮ್ಮೆ ನಿಮ್ಮ ಮಕ್ಕಳ ಚಾರ್ಜರುಗಳನ್ನು ಬೋರಲು ಹಾಕಿ ನೋಡಿ. ಅಕ್ಷರ ಸಣ್ಣದಿರುತ್ತದೆ, ಕನ್ನಡಕ ಹಾಕಿಕೊಳ್ಳಿ. ವೋಲ್ಟ್, ಆಂಪಿಯರ್, ವಾಟನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಹಾಸಿಗೆಯ ಮೇಲೆ, ದಿಂಬಿನಡಿ ಚಾರ್ಜರ್ ಇಡಲು ಬಿಡಬೇಡಿ.

ಬಸವೇಶ್ವರನಗರದ ಅಂಗಡಿಯವನು ಬಿಲ್ಲು ಬರೆಯಲು ಕೂತ. ವೋಲ್ಟ್, ವಾಟು, ಒಂದು ವರ್ಷದ ಗ್ಯಾರಂಟಿ ಎಲ್ಲವನ್ನೂ ಹೇಳಿ ಬರೆಸಿದೆ. ಆಮೇಲೆ ತಲೆಯೆತ್ತದೆಯೇ ಕೇಳಿದ, “ಯಜಮಾನರ ಹೆಸರು ಹೇಳಿ ಮೇಡಂ.”

ನನ್ನ ಹೆಸರು ಹೇಳಿದೆ.