ಬಾಡಿಗೆಗೆ ಅಂತ ಫ್ಲ್ಯಾಟ್ ಕೊಳ್ಳುವ ಮುಂಚೆ ನಿಮ್ಮ ತಾರಸಿ ಹತ್ತಿ ನೋಡಿ

ಕಳೆದ ಸಲ ಗೃಹಸಾಲದ ಬಡ್ಡಿ ಲೆಕ್ಕದ ಬಗ್ಗೆ ಬರೆದಿದ್ದೆ. ಅದನ್ನು ಓದಿದ ನಮ್ಮ ಸೋದರಮಾವ ಹಾಸನದಿಂದ ಫೋನ್ ಮಾಡಿದ್ರು. ಹೋದ ವರ್ಷ ನಿವೃತ್ತರಾದವರು. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಕೈಯಲ್ಲಿ 40 ಲಕ್ಷ ಇದೆ. "ಅಲ್ಲಪ್ಪಾ, ಇದನ್ನ ಬ್ಯಾಂಕಲ್ಲಿಟ್ಟು ಏನ್ ಮಾಡ್ಲಿ? ಮಗಳ ಹೆಸರೂ ಸೇರಿಸಿ ಒಂದಿಷ್ಟು ಸಾಲ ತಗೊಂಡು ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೊಂಡ್ರೆ ಹೆಂಗೆ? ಬಾಡಿಗೆ ಬರುತ್ತೆ, ರೇಟೂ ಏರುತ್ತೆ. ನೀನು ಹೆಂಗೂ ಅಲ್ಲೇ ಇದೀಯ, ನೋಡ್ಕೊಳ್ತೀಯ" ಅಂದ್ರು.

ಈ ಪ್ರಶ್ನೆ ನಮ್ಮ ಮಾವನೊಬ್ಬರದ್ದೇ ಅಲ್ಲ. ಐವತ್ತೈದು ದಾಟಿದ ಅಪ್ಪಂದಿರು, ಕೆಲಸಕ್ಕೆ ಸೇರಿ ಐದಾರು ವರ್ಷ ಆದ ನನ್ನ ಜೊತೆಯವರು, ಎಲ್ಲರ ಬಾಯಲ್ಲೂ ಇದೇ. ಜಮೀನು-ಮನೆ ಅಂದ್ರೆ ಕಣ್ಣಿಗೆ ಕಾಣೋ ಆಸ್ತಿ, ಶೇರು ಅಂದ್ರೆ ಜೂಜು ಅನ್ನೋ ಮನೆಗಳಲ್ಲೇ ನಾವೆಲ್ಲ ಬೆಳೆದದ್ದು. ತಪ್ಪೇನಿಲ್ಲ. ಆದ್ರೆ ಬಾಡಿಗೆ ಎಷ್ಟು ಬರುತ್ತೆ ಅಂತ ಕೇಳುವವರು, ಅದರಲ್ಲಿ ಕೈಗೆ ಎಷ್ಟು ಉಳಿಯುತ್ತೆ ಅಂತ ಕೇಳೋದು ಕಮ್ಮಿ. ಅದಕ್ಕೇ ಮಾವನಿಗೆ ಒಂದು ಎಕ್ಸೆಲ್ ಶೀಟ್ ಮಾಡಿ ಕಳಿಸಿದೆ. ಸಾಫ್ಟ್‌ವೇರ್‌ನವರಿಗೆ ಬೇರೇನು ಬರುತ್ತೆ ಹೇಳಿ!

ಲೆಕ್ಕ ಹೀಗಿದೆ. ಫ್ಲ್ಯಾಟಿನ ಬೆಲೆ 60 ಲಕ್ಷ ಅಂತಿಟ್ಟುಕೊಳ್ಳಿ. 45 ಲಕ್ಷ ಮೀರಿದ ಆಸ್ತಿಗೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2 ಆಯ್ತು. ಒಟ್ಟು ಶೇ. 7.6, ಅಂದ್ರೆ ನಾಲ್ಕೂವರೆ ಲಕ್ಷ ರಿಜಿಸ್ಟ್ರೇಷನ್‌ಗೇ ಹೋಯ್ತು. ಅಡುಗೆಮನೆ ಕಪಾಟು, ವಾರ್ಡ್‌ರೋಬ್, ಫ್ಯಾನು, ಗೀಸರ್ ಅಂತ ಇನ್ನೆರಡು ಲಕ್ಷ. ಹೆಚ್ಚುಕಮ್ಮಿ ಅರವತ್ತಾರೂವರೆ ಲಕ್ಷ ಹಾಕಿದ ಮೇಲೆ ಮನೆ ಬಾಡಿಗೆಗೆ ಸಿದ್ಧ.

ಬಾಡಿಗೆ ತಿಂಗಳಿಗೆ 20,000 ಅಂದ್ರೆ ವರ್ಷಕ್ಕೆ 2,40,000. ವರ್ಷದಲ್ಲಿ ಒಂದು ತಿಂಗಳು ಖಾಲಿ ಅಂತ ಹಿಡಿಯಲೇಬೇಕು, 20,000 ಹೋಯ್ತು. ಆ ತಿಂಗಳ ಮೇಂಟೆನೆನ್ಸ್ 3,000 ನಮ್ಮದೇ. ಕಂದಾಯ 6,000. ಪೇಂಟು, ನಲ್ಲಿ, ಮೋಟರು, ಸೋರೋ ಬಾತ್‌ರೂಮು ಅಂತ ವರ್ಷಕ್ಕೆ 15,000. ಉಳಿದದ್ದು 1,96,000. ಹಾಕಿದ ದುಡ್ಡಿಗೆ ಶೇ. 3 ಕೂಡ ಮುಟ್ಟಲಿಲ್ಲ.

ಈಗ ಸಾಲ ಸೇರಿಸಿ. ಮಾವನ 40 ಲಕ್ಷ ಪೂರ್ತಿ ಹಾಕಿದರೂ ಇನ್ನು 26 ಲಕ್ಷ ಸಾಲ ಬೇಕು. ಶೇ. 8.5 ಬಡ್ಡಿ, 20 ವರ್ಷ ಅಂದ್ರೆ ಇಎಂಐ ಸುಮಾರು 22,500. ಬಾಡಿಗೆಯಲ್ಲಿ ಖರ್ಚು ಕಳೆದು ತಿಂಗಳಿಗೆ ಉಳಿಯೋದು 16,300. ಅಂದ್ರೆ ಜೀವಮಾನದ ಉಳಿತಾಯ ಅಷ್ಟನ್ನೂ ಸುರಿದ ಮೇಲೂ ಪ್ರತಿ ತಿಂಗಳು 6,000ಕ್ಕಿಂತ ಹೆಚ್ಚು ಕೈಯಿಂದಲೇ ಕಟ್ಟಬೇಕು. ಅದೂ ಸಂಬಳ ನಿಂತ ಮೇಲೆ.

ನಷ್ಟವನ್ನ ಮಗಳ ಸಂಬಳದ ತೆರಿಗೆಯಲ್ಲಿ ಹೊಂದಿಸ್ಕೊಳ್ಳಬಹುದು ಅಂತ ಯಾರೋ ಮಾವನಿಗೆ ಹೇಳಿದ್ರಂತೆ. ಹಳೆ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಅದಕ್ಕೆ ಅವಕಾಶ ಇದೆ. ಹೊಸ ಪದ್ಧತಿಯಲ್ಲಿ ಮನೆಯ ನಷ್ಟವನ್ನು ಸಂಬಳದ ಎದುರು ಕಳೆಯೋಕೆ ಬರಲ್ಲ. ನನ್ನ ಜೊತೆ ಕೆಲಸ ಮಾಡುವವರಲ್ಲಿ ಬಹಳ ಜನ ಈಗ ಹೊಸ ಪದ್ಧತಿಗೇ ಬಂದಿದ್ದಾರೆ. ಏಜೆಂಟರು ಮಾತ್ರ ಇನ್ನೂ ಹಳೇ ಹಾಡನ್ನೇ ಹಾಡ್ತಿದ್ದಾರೆ.

"ರೇಟು ಏರುತ್ತಲ್ಲೋ" ಅಂದ್ರು ಮಾವ. ಏರಬಹುದು. ಆದ್ರೆ ಫ್ಲ್ಯಾಟಿನಲ್ಲಿ ಏರೋದು ನೆಲ, ಇಳಿಯೋದು ಕಟ್ಟಡ. ನೂರು ಮನೆಯ ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಪಾಲಿನ ನೆಲ ಎಷ್ಟು ಚದರಡಿ ಅಂತ ಕ್ರಯಪತ್ರದಲ್ಲಿ ಬರೆದಿರುತ್ತೆ, ಅವಿಭಾಜ್ಯ ಹಕ್ಕು ಅಂತ. ಆ ಸಂಖ್ಯೆ ನೋಡಿದರೆ ಉತ್ಸಾಹ ಸ್ವಲ್ಪ ತಣ್ಣಗಾಗುತ್ತೆ. ಮಾರುವಾಗ ಬ್ರೋಕರ್ ಕಮಿಷನ್ ಇದೆ, ಎರಡು ವರ್ಷ ಮೀರಿ ಇಟ್ಟುಕೊಂಡಿದ್ದರೆ ಲಾಭದ ಮೇಲೆ ಶೇ. 12.5 ತೆರಿಗೆಯೂ ಇದೆ.

ಹಂಗಂತ ಮನೆಯ ಮೇಲೆ ದುಡ್ಡೇ ಹಾಕಬೇಡಿ ಅಂತ ನಾನು ಹೇಳ್ತಿಲ್ಲ. ಹಾಸನದ ಮಾವನ ಮನೆ ಒಂದೇ ಅಂತಸ್ತಿನದು. ಕಟ್ಟಿಸುವಾಗಲೇ ಮುಂದೆ ಬೇಕಾಗಬಹುದು ಅಂತ ಪಿಲ್ಲರ್ ಹಾಕಿಸಿ, ಕಂಬಿ ಮೇಲಕ್ಕೆ ಬಿಟ್ಟಿದ್ದಾರೆ. ಇಪ್ಪತ್ತು ವರ್ಷದಿಂದ ಆ ಕಂಬಿಗಳು ಆಕಾಶ ನೋಡ್ತಾ ನಿಂತಿವೆ, ಅತ್ತೆ ಅದಕ್ಕೆ ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ್ದಾರೆ. ಅಲ್ಲಿ ಆರೂವರೆ ಚದರದ ಒಂದು ಚಿಕ್ಕ ಮನೆ ಎಬ್ಬಿಸಿದರೆ? ಮೇಸ್ತ್ರಿ ಹೇಳಿದ ಅಂದಾಜು ಚದರಕ್ಕೆ 2 ಲಕ್ಷ, ಒಟ್ಟು 13 ಲಕ್ಷ. ನೆಲ ಕೊಳ್ಳೋದಿಲ್ಲ, ಮುದ್ರಾಂಕ ಶುಲ್ಕ ಇಲ್ಲ, ಬ್ರೋಕರ್ ಇಲ್ಲ. ಆ ಬೀದಿಯಲ್ಲಿ ಅಂಥ ಮನೆಗೆ ಬಾಡಿಗೆ 8,000. ಒಂದು ತಿಂಗಳು ಖಾಲಿ, ವರ್ಷಕ್ಕೆ 8,000 ರಿಪೇರಿ-ಕಂದಾಯ ಅಂತ ಕಳೆದರೂ 80,000 ಉಳಿಯುತ್ತೆ. ಶೇ. 6ಕ್ಕಿಂತ ಮೇಲೆ. ಬೆಂಗಳೂರಿನ ಫ್ಲ್ಯಾಟಿನ ಎರಡು ಪಟ್ಟು!

ಉಳಿದ 27 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಬಹುದು. 2023ರ ಏಪ್ರಿಲ್‌ನಲ್ಲಿ ಅದರ ಮಿತಿಯನ್ನು 30 ಲಕ್ಷಕ್ಕೆ ಏರಿಸಿ, ಬಡ್ಡಿ ಶೇ. 8.2 ಮಾಡಿದರು. ಹೊಸದಾಗಿ ಹಾಕುವವರಿಗೆ ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸ್ತಾರೆ, ಹಾಕಿದ ದಿನದ ದರ ಐದು ವರ್ಷ ನಮಗೆ ಕಾಯಂ. ಆ ದರಕ್ಕೆ 27 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 55,350 ರೂಪಾಯಿ. ಮೇಲಿನ ಮನೆ ಬಾಡಿಗೆ ಸೇರಿದರೆ ತಿಂಗಳಿಗೆ 25,000, ಒಂದು ಪೈಸೆ ಸಾಲ ಇಲ್ಲದೆ. ಬಡ್ಡಿಗೆ ತೆರಿಗೆ ಇದೆ ನಿಜ. ಬಾಡಿಗೆಗೂ ಇದೆ, ಆದ್ರೆ ಅಲ್ಲಿ ಕಂದಾಯ ಕಳೆದ ಮೇಲೆ ಶೇ. 30 ರಿಯಾಯಿತಿ ಸಿಗುತ್ತೆ.

ಇದಕ್ಕೆ ಅಡ್ಡ ಬಂದದ್ದು ಅತ್ತೆ. "ತಲೆ ಮೇಲೆ ಯಾರೋ ದಡದಡ ಓಡಾಡ್ತಿದ್ರೆ ನನಗೆ ನಿದ್ದೆ ಬರಲ್ಲ. ಸಂಪಿನ ನೀರು ಯಾರಿಗೆ ಸಾಲುತ್ತೆ? ಹಪ್ಪಳ ಎಲ್ಲಿ ಒಣಗಿಸ್ಲಿ?" ಅತ್ತೆ ಕೇಳಿದ್ದು ಒಂದೂ ಸುಳ್ಳಲ್ಲ, ನನ್ನ ಎಕ್ಸೆಲ್ ಶೀಟಿನಲ್ಲಿ ಹಪ್ಪಳಕ್ಕೆ ಕಾಲಂ ಇರಲಿಲ್ಲ. ಮೆಟ್ಟಿಲು ಹೊರಗಿನಿಂದಲೇ ಬರಬೇಕು. ಕರೆಂಟಿಗೆ ಬೇರೆ ಮೀಟರ್, ನೀರಿಗೆ ಬೇರೆ ಟ್ಯಾಂಕ್ ಬೇಕು. ಇವೆಲ್ಲ ಮೊದಲೇ ಆದರೆ ಅರ್ಧ ಜಗಳ ಇರಲ್ಲ. ಅದಕ್ಕಿಂತ ಮುಂಚೆ ಒಬ್ಬ ಸಿವಿಲ್ ಇಂಜಿನಿಯರ್ ಕೈಲಿ ಪಾಯ, ಪಿಲ್ಲರ್ ತೋರಿಸಿ. ಮಳೆ-ಬಿಸಿಲಿಗೆ ವರ್ಷಗಟ್ಟಲೆ ಬಿಟ್ಟ ಕಂಬಿ ತುಕ್ಕು ಹಿಡಿದಿರುತ್ತೆ, ಮೇಸ್ತ್ರಿ ಒಬ್ಬರ ಮಾತು ಸಾಲದು. ನಗರಸಭೆಯ ಮಂಜೂರಾತಿ ಕೆಳಗಿನ ಮನೆಗೆ ಮಾತ್ರ ಇದ್ದರೆ ಮೇಲಿನದಕ್ಕೆ ಹೊಸದಾಗಿ ಪ್ಲ್ಯಾನ್ ಪಾಸ್ ಆಗಬೇಕು, ಆಮೇಲೆ ಖಾತೆಯಲ್ಲೂ ಅದು ಸೇರಬೇಕು.

ಎಲ್ಲರಿಗೂ ತಾರಸಿ ಇರಲ್ಲ, ಒಪ್ತೀನಿ. ಕೊಳ್ಳಲೇಬೇಕು ಅನ್ನುವವರು ಕಾಗದ ನೋಡೋದರಲ್ಲಿ ಜಿಪುಣತನ ಮಾಡಬೇಡಿ. ಏಜೆಂಟ್ ಕರೆತಂದ ವಕೀಲರು ಬೇಡ, ನೀವೇ ಹುಡುಕಿದವರಿಗೆ ಫೀಸು ಕೊಡಿ. ಖಾತೆ ಅಂದ್ರೆ ಕಂದಾಯ ಯಾರ ಹೆಸರಲ್ಲಿದೆ ಅನ್ನೋ ದಾಖಲೆ ಅಷ್ಟೇ, ಅದೇ ಒಡೆತನದ ಪತ್ರ ಅಲ್ಲ. ಜಿಪಿಎ ಮೇಲೆ ಕೊಂಡರೆ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹೊಸ ಅಪಾರ್ಟ್‌ಮೆಂಟಾದರೆ ರೇರಾ ನಂಬರ್ ನೋಡಿ, ಕರಾರು ನೋಂದಣಿ ಆಗುವ ಮುಂಚೆ ಶೇ. 10ಕ್ಕಿಂತ ಹೆಚ್ಚು ಕೊಡಬೇಡಿ. ಕಟ್ಟಿ ಮುಗಿದದ್ದಾದರೆ ಓಸಿ ಎಲ್ಲಿ ಅಂತ ಕೇಳಿ.

ಊರ ಕಡೆ ಹಳೇ ಮನೆ, ಸೈಟು ಕೊಳ್ಳುವವರಿಗೆ ಇನ್ನೊಂದು ಮಾತು. ಪಿತ್ರಾರ್ಜಿತ ಆಸ್ತಿ ಆಗಿದ್ದರೆ ಹೆಣ್ಣುಮಕ್ಕಳ ಸಹಿ ಇದೆಯಾ ನೋಡಿ. "ತಂಗಿಗೆ ಅರಿಶಿನ-ಕುಂಕುಮಕ್ಕೆ ಅಂತ ಕೊಟ್ಟಾಗಿದೆ, ಅವಳದ್ದೇನೂ ತಕರಾರಿಲ್ಲ" ಅಂತ ಮಾರುವವರು ನಗ್ತಾ ಹೇಳ್ತಾರೆ. 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹೊತ್ತಿಗೆ ತಂದೆ ಬದುಕಿರಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಆ ತಂಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಣಿಯಾದ ಹಕ್ಕುಬಿಡುಗಡೆ ಪತ್ರ ಇರಬೇಕು. ಕೊಳ್ಳುವವರ ಕ್ಷೇಮಕ್ಕೆ ಮಾತ್ರ ಹೇಳ್ತಿಲ್ಲ. ಅವಳಿಗೆ ಸೇರಬೇಕಾದ್ದನ್ನು ತಪ್ಪಿಸಿದ ಆಸ್ತಿಯಲ್ಲಿ ನಮ್ಮ ದುಡ್ಡು ಯಾಕೆ ಹಾಕಬೇಕು?

ಇಷ್ಟೆಲ್ಲ ನೋಡಿದವರೂ ಮರೆಯೋದು ಒಳಗೆ ವಾಸ ಇರುವವರನ್ನು ಮಾತಾಡಿಸೋದು. ಬೆಂಗಳೂರಿನಲ್ಲಿ ಲೀಸ್, ನಮ್ಮ ಕಡೆ ಭೋಗ್ಯ ಅಂತೀವಲ್ಲ, ಅದರ ವಿಷಯ. ಒಳಗಿರೋರು ಮಾಲೀಕರಿಗೆ ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟಿರ್ತಾರೆ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್. ನೋಂದಣಿ ಆಗದ ಕರಾರು ಇಸಿಯಲ್ಲಿ ಕಾಣೋದಿಲ್ಲ. ಮನೆ ಕೊಂಡಾದ ಮೇಲೆ ಅವರು "ನನ್ನ ದುಡ್ಡು ಕೊಡಿ, ಖಾಲಿ ಮಾಡ್ತೀನಿ" ಅಂದ್ರೆ ನಿಮ್ಮ ಕಥೆ ಏನು? ಒಳಗೆ ಜನ ಇರೋದು ಕಣ್ಣಿಗೆ ಕಾಣ್ತಿದ್ದಾಗ, ಯಾವ ಹಕ್ಕಿನ ಮೇಲೆ ಇದ್ದಾರೆ ಅಂತ ವಿಚಾರಿಸೋದು ಕೊಳ್ಳುವವರ ಹೊಣೆ ಅಂತ ಕಾನೂನೇ ಹೇಳುತ್ತೆ, ಗೊತ್ತಿರಲಿಲ್ಲ ಅಂದ್ರೆ ನಡೆಯಲ್ಲ. ಅದಕ್ಕೇ ಏಜೆಂಟ್ ಇಲ್ಲದ ಹೊತ್ತಿನಲ್ಲಿ ಒಂದು ಸಲ ಹೋಗಿ ಬಾಗಿಲು ತಟ್ಟಿ, ಕರಾರಿನ ಪ್ರತಿ ಕೇಳಿ. ರಿಜಿಸ್ಟ್ರೇಷನ್ ದಿನ ಮನೆ ಖಾಲಿಯಾಗಿ ಬೀಗದ ಕೈ ನಿಮ್ಮ ಕೈಗೆ ಬರುವ ಹಾಗೆ ಮಾಡ್ಕೊಳ್ಳಿ.

ಬಾಡಿಗೆಗೆ ಬರುವವರ ವಿಷಯ ನಾನು ಆ ಕಡೆಯಿಂದ ಹೇಳಬಲ್ಲೆ, ಬೆಂಗಳೂರಿನಲ್ಲಿ ನಾನೇ ಬಾಡಿಗೆದಾರ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ತಿಂಗಳು ಅಂತ ಬರೆಸೋದು. ಜಾತಿ, ಅಡುಗೆ ವಿಚಾರಿಸೋ ಬದಲು ಕೆಲಸ ಎಲ್ಲಿ, ಹಿಂದಿನ ಮನೆ ಯಾಕೆ ಬಿಟ್ಟರು ಅಂತ ಕೇಳಿ. ಒಳ್ಳೆಯವರು ಸಿಕ್ಕರೆ ಉಳಿಸ್ಕೊಳ್ಳಿ. 20,000 ಬಾಡಿಗೆಯ ಮನೆಯಲ್ಲಿ 1,000 ಹೆಚ್ಚಿಗೆ ಕೇಳಿದ್ದಕ್ಕೆ ಅವರು ಬಿಟ್ಟು ಹೋಗಿ ಒಂದು ತಿಂಗಳು ಖಾಲಿ ಬಿದ್ದರೆ, ಆ ನಷ್ಟ ತುಂಬೋಕೆ 20 ತಿಂಗಳು ಬೇಕು.

ಅವರು ಕೊಟ್ಟ ಅಡ್ವಾನ್ಸ್ ನಿಮ್ಮ ದುಡ್ಡಲ್ಲ. ಅದನ್ನು ಮಗಳ ಮದುವೆಗೋ ಕಾರಿಗೋ ಬಳಸಿ, ಖಾಲಿ ಮಾಡುವಾಗ "ಹೊಸಬರು ಬರಲಿ, ಅವರ ಅಡ್ವಾನ್ಸಿಂದ ಕೊಡ್ತೀನಿ" ಅನ್ನುವ ಮಾಲೀಕರು ಎಷ್ಟಿಲ್ಲ! ಬಂದ ದಿನವೇ ಬೇರೆ ಎಫ್‌ಡಿ ಮಾಡಿ ಇಡಿ, ಬಡ್ಡಿ ಹೆಂಗೂ ನಿಮ್ಮದೇ. ಮನೆ ಕೊಡುವ ದಿನ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲದರ ಫೋಟೋ ತೆಗೆದು ಇಬ್ಬರ ವಾಟ್ಸ್ಆಪ್‌ನಲ್ಲೂ ಇರಲಿ. ಪೇಂಟಿಂಗಿಗೆ ಎಷ್ಟು ಹಿಡಿಯೋದು ಅಂತ ಕರಾರಿನಲ್ಲೇ ಅಂಕಿಯಲ್ಲಿ ಬರೆಸಿ, "ಒಂದು ತಿಂಗಳ ಬಾಡಿಗೆ" ಅಂತ ಸುಮ್ಮನೆ ಬರೆಸಬೇಡಿ. ಮೂರು ವರ್ಷದಲ್ಲಿ ಬಾಡಿಗೆ ಏರಿರುತ್ತೆ, ಯಾವ ಬಾಡಿಗೆ ಅಂತ ಜಗಳ ಶುರುವಾಗೋದೇ ಅಲ್ಲಿ.