ಟ್ವಿನ್ ಪೀಕ್ಸ್ ಕಥೆಯ ಸಂದಿಗ್ಧತೆಯೂ ಅದರ ವ್ಯಾಖ್ಯಾನಕಾರರೂ

ಕೃತಿಯೊಂದು ಎರಡರ್ಥಕ್ಕೆ ಎಡೆಗೊಟ್ಟಿತೆಂದರೆ ವ್ಯಾಖ್ಯಾನಕಾರರಲ್ಲಿ ಎರಡು ಪಂಗಡಗಳು ಹುಟ್ಟುವುದು ಲೋಕರೂಢಿ. ಒಂದು ಪಂಗಡದವರು ಕೃತಿಯನ್ನು ಬೀಗ ಹಾಕಿದ ಪೆಟ್ಟಿಗೆಯೆಂದು ಬಗೆದು ಕೀಲಿಕೈಗಾಗಿ ತಡಕಾಡುವರು. ಮತ್ತೊಂದು ಪಂಗಡದವರು ಪೆಟ್ಟಿಗೆ ಬರಿದೆಂದು ಸಾರಿ, ಬರಿದಾಗಿರುವುದೇ ಅದರ ಸೊಗಸೆಂದು ಕೊಂಡಾಡುವರು. ಅಮೆರಿಕೆಯ ‘ಟ್ವಿನ್ ಪೀಕ್ಸ್’ ಎಂಬ ದೂರದರ್ಶನ ಕಥಾಮಾಲಿಕೆಗೆ ಈ ಉಭಯ ಪಂಗಡಗಳಿಂದಲೂ ಒದಗಿರುವ ಅನ್ಯಾಯವು ಸಾಮಾನ್ಯವಾದುದಲ್ಲ.

ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಎಂಬವರು ಜೊತೆಗೂಡಿ ರಚಿಸಿದ ಈ ಕಥೆಯು 1990ರ ಏಪ್ರಿಲ್ 8ರಂದು ಮೊದಲು ಪ್ರಸಾರವಾಗಿ, 30 ಕಂತುಗಳನ್ನು ಕಂಡು, 1991ರ ಜೂನ್ 10ರಂದು ನಿಂತಿತು. 1992ರಲ್ಲಿ ಲಿಂಚರು ಅದರ ಪೂರ್ವಕಥೆಯನ್ನು ಚಲಚ್ಚಿತ್ರವಾಗಿ ತೆಗೆದರು. 2017ರಲ್ಲಿ 18 ಕಂತುಗಳ ಉತ್ತರಭಾಗವು ಹೊರಬಂದಿತು. ಕೆನಡಾ ದೇಶದ ಗಡಿಗೆ ಹತ್ತಿರವಾಗಿ, ವಾಷಿಂಗ್ಟನ್ ರಾಜ್ಯದ ದಟ್ಟವಾದ ಕಾಡಿನ ನಡುವೆ ಟ್ವಿನ್ ಪೀಕ್ಸ್ ಎಂಬ ಕಲ್ಪಿತ ಊರು. ಲಾರಾ ಪಾಮರ್ ಎಂಬ 17 ವರ್ಷದ ವಿದ್ಯಾರ್ಥಿನಿಯ ಶವವು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸ್ಥಿತಿಯಲ್ಲಿ ಅಲ್ಲಿಯ ನೀರಂಚಿನಲ್ಲಿ ದೊರೆಯುತ್ತದೆ. ಕೊಂದವರಾರೆಂದು ಶೋಧಿಸಲು ಕೇಂದ್ರ ತನಿಖಾಧಿಕಾರಿಯಾದ ಡೇಲ್ ಕೂಪರ್ ಎಂಬುವನು ಬರುತ್ತಾನೆ.

ಕಥೆಯ ತುಂಬ ಜೋಡಿಗಳೇ. ಊರ ಹೆಸರಿನಲ್ಲಿಯೇ ಅವಳಿ ಶಿಖರಗಳಿವೆ. ಹಗಲಿನಲ್ಲಿ ಅಶಕ್ತರ ಮನೆಗೆ ಊಟವನ್ನೊಯ್ಯುವ ಲಾರಾಳೇ ರಾತ್ರಿಯಲ್ಲಿ ಮಾದಕದ್ರವ್ಯಕ್ಕೂ ದೇಹವಿಕ್ರಯಕ್ಕೂ ಸಿಕ್ಕಿ ನವೆಯುತ್ತಾಳೆ. ಅವಳನ್ನೇ ಹೋಲುವ ಬಂಧು ಮ್ಯಾಡಿಯ ಪಾತ್ರವನ್ನೂ ಲಾರಾಳ ನಟಿಯಾದ ಷೆರಿಲ್ ಲೀ ಎಂಬವರೇ ವಹಿಸಿದ್ದಾರೆ. ಕಡೆಗೆ ಧೀರನಾದ ಕೂಪರನಿಗೂ ಒಬ್ಬ ಕೇಡಿಗ ಪ್ರತಿರೂಪನುಂಟು. ಈ ಎಲ್ಲ ಜೋಡಿಗಳ ನಡುವೆ ನಿಂತದ್ದು 1990ರ ನವೆಂಬರ್ 10ರ ಕಂತಿನ ಕನ್ನಡಿ. ಲಾರಾಳ ತಂದೆ ಲೀಲೆಂಡ್ ಅದರಲ್ಲಿ ನೋಡಿಕೊಂಡಾಗ ಎದುರಿಗೆ ನಗುತ್ತಿದ್ದುದು ಬಾಬ್ ಎಂಬ ಜಡೆಗಟ್ಟಿದ ಘೋರಪುರುಷನ ಮುಖ. ಕೊಲೆಗಾರನಾರೆಂಬುದು ತಿಳಿಯಿತು, ಅವನು ಒಬ್ಬನೋ ಇಬ್ಬರೋ ಎಂಬುದು ಮಾತ್ರ ತಿಳಿಯದೆ ಉಳಿಯಿತು.

ಕೀಲಿಕೈ ಹುಡುಕುವವರ ವಿವಾದವೆಲ್ಲವೂ ಇಲ್ಲಿಂದಲೇ ಮೊದಲಾಗುತ್ತದೆ. ಅವರಲ್ಲಿಯೂ ಎರಡು ಶಾಖೆಗಳುಂಟು. ಬಾಬ್ ನಿಜವಾದ ಭೂತ, ಲೀಲೆಂಡ್ ಅದರ ಆವೇಶಕ್ಕೊಳಗಾದ ಬಡಪಾಯಿ, ಪಾತ್ರೆ ಬೇರೆ ವಿಷ ಬೇರೆ ಎಂಬುದು ಒಂದು ಶಾಖೆಯವರ ಮತ. ಬಾಬ್ ಎಂಬುವನೇ ಇಲ್ಲ, ತಂದೆಯ ಪಾಪಕ್ಕೆ ತೊಡಿಸಿದ ರೂಪಕವಷ್ಟೆ ಅವನು, ಅದನ್ನು ಕಳಚಿದರೆ ಮನಶ್ಶಾಸ್ತ್ರದ ಒಂದು ಪ್ರಕರಣವು ಮಿಗುವುದೆಂಬುದು ಇನ್ನೊಂದು ಶಾಖೆಯವರ ಮತ.

ಮೊದಲ ಮತವನ್ನೊಪ್ಪಿದರೆ ಆಗುವ ಅನರ್ಥವೇನು? ಮಗಳನ್ನು ವರ್ಷಗಟ್ಟಲೆ ಕೆಡಿಸಿ ಕಡೆಗೆ ಕೊಂದ ಕೈ ತಂದೆಯದಲ್ಲವೆಂದಾಗುತ್ತದೆ. ತಪ್ಪಿತಸ್ಥನಾದ ಮನೆಯೊಡೆಯನಿಗೆ ಇದಕ್ಕಿಂತ ಹಿತವಾದ ಸಿದ್ಧಾಂತವು ಮತ್ತೊಂದಿರಲಾರದು. ಆದರೆ ಕಥೆಯು ಇದಕ್ಕೆ ಸಮ್ಮತಿಯನ್ನೀಯುವುದಿಲ್ಲ. ಸೆರೆಕೋಣೆಯಲ್ಲಿ ಸಾಯುತ್ತಿರುವ ಲೀಲೆಂಡ್, ಅವನು ತನ್ನೊಳಗಿದ್ದಾಗ ತನಗೇನೂ ತಿಳಿಯುತ್ತಿರಲಿಲ್ಲವೆಂದು ಅಳುವುದು ನಿಜ. ಬಾಲ್ಯದಲ್ಲಿ ಆ ಆಗಂತುಕನನ್ನು ಒಳಗೆ ಕರೆದವನು ತಾನೇ ಎಂದು ಒಪ್ಪಿಕೊಳ್ಳುವುದೂ ಅಷ್ಟೇ ನಿಜ. 1992ರ ಚಲಚ್ಚಿತ್ರದಲ್ಲಿಯಂತೂ ಅವನು ಕೊಲೆಯ ರಾತ್ರಿ ಮಗಳ ದಿನಚರಿಯ ಹಾಳೆಗಳನ್ನು ಹಿಡಿದು, ಬರುತ್ತಿದ್ದವನು ತಾನೇ ಎಂಬುದು ಅವಳಿಗೆ ಗೊತ್ತಿತ್ತೆಂದೇ ತಾನು ತಿಳಿದಿದ್ದುದಾಗಿ ಹೇಳುತ್ತಾನೆ. ಏನನ್ನೂ ಅರಿಯದ ಪಾತ್ರೆಯು ಆಡುವ ಮಾತೇ ಇದು?

ಎರಡನೆಯ ಮತವು ಮೇಲ್ನೋಟಕ್ಕೆ ವಿವೇಕದ್ದಾಗಿ ತೋರುತ್ತದೆ. ಆದರೆ ಅದರಿಂದ ಹಾನಿಯಾಗುವುದು ಲಾರಾಳಿಗೆ. ಅವಳು ರಾತ್ರಿಯಲ್ಲಿ ಕಂಡದ್ದು ಬಾಬನ ಮುಖವನ್ನು. ಬೆಳಗಾದರೆ ತಂದೆಯೊಡನೆ ಅದೇ ಮೇಜಿನ ಮುಂದೆ ಕುಳಿತು ಉಣ್ಣಬೇಕಾದ ಮಗುವಿಗೆ ಆ ಎರಡು ಮುಖಗಳೂ ಒಂದೇ ಎಂದು ಅರಿಯುವುದು ಬದುಕಲಾರದಷ್ಟು ಕಠಿನ. ಆಕೆ ಕಂಡದ್ದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವ ವ್ಯಾಖ್ಯಾನಕಾರನು, ನೊಂದವಳ ಸಾಕ್ಷ್ಯವನ್ನು ನ್ಯಾಯಾಲಯದ ಬಾಗಿಲಲ್ಲಿಯೇ ತಡೆದಂತಾಯಿತು. ಮೇಲಾಗಿ ಬಾಬನನ್ನು ಕಂಡವಳು ಲಾರಾ ಒಬ್ಬಳೇ ಅಲ್ಲ. ತಾಯಿ ಸಾರಾಳ ಕಣ್ಣಿಗೂ ಮ್ಯಾಡಿಯ ಕಣ್ಣಿಗೂ ಅವನು ಬಿದ್ದಿದ್ದಾನೆ.

9ನೆಯ ಶತಮಾನದ ಆನಂದವರ್ಧನನು ಧ್ವನಿಯನ್ನು ಎರಡಾಗಿ ವಿಂಗಡಿಸಿದುದನ್ನು ಇಲ್ಲಿ ನೆನೆಯುವುದು ಉಚಿತ. ವಾಚ್ಯಾರ್ಥವನ್ನು ಕೈಬಿಟ್ಟು ಬೇರೊಂದನ್ನು ಹಿಡಿಯುವುದು ಅವಿವಕ್ಷಿತವಾಚ್ಯ. ವಾಚ್ಯಾರ್ಥವನ್ನು ಉಳಿಸಿಕೊಂಡೇ ಅದರಾಚೆಗೆ ಹಾಯುವುದು ವಿವಕ್ಷಿತಾನ್ಯಪರವಾಚ್ಯ. ಬಾಬ್ ಈ ಎರಡನೆಯ ಬಗೆಗೆ ಸೇರಿದವನು. ಕಥೆಯಲ್ಲಿ ಅವನು ಇದ್ದಾನೆ. ಇದ್ದುಕೊಂಡೇ ತಂದೆಯ ಕಡೆಗೆ ಬೆರಳು ತೋರುತ್ತಾನೆ. ಅವನನ್ನು ಅಳಿಸಿದರೆ ಮಗಳು ಕಂಡದ್ದು ಹೋಗುತ್ತದೆ. ಅವನೊಬ್ಬನನ್ನೇ ಉಳಿಸಿದರೆ ತಂದೆ ಮಾಡಿದ್ದು ಹೋಗುತ್ತದೆ. ಲೀಲೆಂಡನ ಮರಣಾನಂತರದ ಸಂಭಾಷಣೆಯೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಭೂತವನ್ನು ನಂಬಲಾರೆನೆಂದ ಷೆರಿಫನಿಗೆ ಕೂಪರನು, ತಂದೆಯೊಬ್ಬನು ಸ್ವಂತ ಮಗಳನ್ನೇ ಕೆಡಿಸಿ ಕೊಂದನೆಂದು ನಂಬುವುದು ಅದಕ್ಕಿಂತ ಸುಲಭವೇ ಎಂದು ಮರುಪ್ರಶ್ನೆ ಹಾಕುತ್ತಾನೆ. ಸಂದಿಗ್ಧತೆಯ ಪ್ರಯೋಜನವೆಲ್ಲವೂ ಈ ಪ್ರಶ್ನೆಯಲ್ಲಡಗಿದೆ: ಎರಡು ಉತ್ತರಗಳಲ್ಲಿ ಯಾವುದೂ ಕೇಳುವವನಿಗೆ ನೆಮ್ಮದಿಯನ್ನು ಕೊಡಬಾರದು.

ಇನ್ನು ಅರ್ಥವೇ ಇಲ್ಲವೆಂಬ ಪಂಗಡ. ಇವರಿಗೆ ಕೆಂಪು ಪರದೆಯ ಕೋಣೆ, ತಿರುಗುಮುರುಗಾದ ಮಾತು, ಕುಣಿಯುವ ಕುಳ್ಳ, ಇವೆಲ್ಲವೂ ಸ್ವಪ್ನವಿಲಾಸ. ಬಾಬನ ಪಾತ್ರಧಾರಿ ಫ್ರಾಂಕ್ ಸಿಲ್ವಾ ಎಂಬವನು ನಟನಾಗಿ ಬಂದವನಲ್ಲ, ರಂಗಸಜ್ಜಿಕೆಯ ಕೆಲಸಗಾರ. ಚಿತ್ರೀಕರಣದಲ್ಲಿ ಅವನ ಪ್ರತಿಬಿಂಬವು ಕನ್ನಡಿಯೊಂದರಲ್ಲಿ ಆಕಸ್ಮಿಕವಾಗಿ ಮೂಡಿತು. ಲಿಂಚರು ಅದನ್ನು ಉಳಿಸಿಕೊಂಡರು. ಆಕಸ್ಮಿಕಕ್ಕೆ ಅರ್ಥವೆಲ್ಲಿಯದೆಂದು ಇವರು ಕೇಳುತ್ತಾರೆ. ಬೀಜವು ಗಾಳಿಯಲ್ಲಿ ತೂರಿಬಂದಿತೆಂದು ಮರವನ್ನು ಮರವಲ್ಲವೆನ್ನುವರೇ? ಬಂದದ್ದು ಆಕಸ್ಮಿಕ, ಅದಕ್ಕೆ ದೊರೆತ ಸ್ಥಾನವು ಆಕಸ್ಮಿಕವಲ್ಲ. ಪಾಮರರ ಮನೆಯ ಮಹಡಿಮೆಟ್ಟಿಲ ಮೇಲೆ ತಿರುಗುವ ಬೀಸಣಿಗೆಯನ್ನು ಇವರು ವಿಚಿತ್ರ ಸೌಂದರ್ಯವೆಂದು ಹೊಗಳುತ್ತಾರೆ. ತಂದೆಯು ಮಗಳ ಕೋಣೆಗೆ ಹೋಗುವ ಮುನ್ನ ಅದನ್ನು ಹಚ್ಚುತ್ತಾನೆಂಬುದನ್ನು ಚಲಚ್ಚಿತ್ರವು ತೋರಿದೆ. ಅದನ್ನು ಕಂಡ ಮೇಲೆಯೂ ಬೀಸಣಿಗೆಗೆ ಅರ್ಥವಿಲ್ಲವೆನ್ನುವುದು ರಸಿಕತೆಯಲ್ಲ, ಕಿವುಡುತನ.

ಹಾಗಾದರೆ ಎಲ್ಲವನ್ನೂ ಬಿಡಿಸುವುದೇ ಬೇಡವೇ ಎಂದು ವಾಚಕರು ಆಕ್ಷೇಪಿಸಬಹುದು. ಇದಕ್ಕೆ 2017ರ ಉತ್ತರಭಾಗವೇ ಸಮಾಧಾನ ಹೇಳುತ್ತದೆ. ಅಲ್ಲಿ ಕೂಪರನು ಕಾಲವನ್ನು ಹಿಂದಿಕ್ಕಿ, 1989ರ ಆ ರಾತ್ರಿಗೆ ಹೋಗಿ, ಲಾರಾಳನ್ನು ಕೈಹಿಡಿದು ಸಾವಿನಿಂದ ಆಚೆಗೆ ನಡೆಸುತ್ತಾನೆ. ಅವಳು ನಡುದಾರಿಯಲ್ಲಿಯೇ ಮಾಯವಾಗುತ್ತಾಳೆ. ಬಳಿಕ ಟೆಕ್ಸಾಸಿನ ಒಡೆಸಾ ಪಟ್ಟಣದಲ್ಲಿ ಬೇರೆ ಹೆಸರಿನಿಂದಿರುವ, ಅದೇ ಮುಖದ ಹೆಂಗಸನ್ನು ಕಂಡು, ಅವಳನ್ನು ಪಾಮರರ ಮನೆಯ ಬಾಗಿಲಿಗೆ ಕರೆತರುತ್ತಾನೆ. ಬಾಗಿಲು ತೆರೆದವರು ಅಪರಿಚಿತರು. ಇದು ಯಾವ ವರ್ಷವೆಂದು ಕೂಪರನು ದಿಗ್ಭ್ರಾಂತನಾಗಿ ಕೇಳುತ್ತಾನೆ. ಎಲ್ಲಿಂದಲೋ ತಾಯಿಯ ದನಿಯೊಂದು ಲಾರಾಳನ್ನು ಕರೆಯುತ್ತದೆ. ಆ ಹೆಂಗಸು ಚೀರುತ್ತಾಳೆ. ಮನೆಯ ದೀಪಗಳು ಆರುತ್ತವೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಎಲ್ಲವನ್ನೂ ಸರಿಪಡಿಸಿ ಲೆಕ್ಕ ಮುಗಿಸಲು ಹೊರಟ ಕೂಪರನೇ ವ್ಯಾಖ್ಯಾನಕಾರನ ಪ್ರತಿರೂಪನಲ್ಲವೆ? ಹೆಸರು ಬದಲಾಯಿತು, ಊರು ಬದಲಾಯಿತು, ವರ್ಷವೂ ತಿಳಿಯದಾಯಿತು. ಬದಲಾಗದೆ ಉಳಿದುದು ಆ ಚೀತ್ಕಾರವೊಂದೇ. ಲಿಂಚರು 2025ರ ಜನವರಿಯಲ್ಲಿ ತೀರಿಕೊಂಡರು. ಅವರು ತಮ್ಮ ಕೃತಿಗಳ ಅರ್ಥವನ್ನು ವಿವರಿಸಲು ಎಂದಿಗೂ ಒಲ್ಲದವರು. ಆ ಮೌನವನ್ನು ಗಂಟುಗಳ್ಳನ ಮೌನವೆಂದು ಒಬ್ಬರೂ, ಬರಿಗೈಯವನ ಮೌನವೆಂದು ಇನ್ನೊಬ್ಬರೂ ಬಗೆದದ್ದು ಸಾಕು. ಕಥೆಯಲ್ಲಿ ಸಂದೇಹಕ್ಕೆಡೆಯಿರುವ ಸಂಗತಿಗಳು ನೂರಿವೆ, ಸಂದೇಹಕ್ಕೆಡೆಯಿಲ್ಲದ ಸಂಗತಿಯೊಂದಿದೆ. ಒಬ್ಬಳು ಹುಡುಗಿ ತನ್ನ ಮನೆಯಲ್ಲಿಯೇ ನೊಂದಳು, ಊರು ಅದನ್ನು ಕಾಣದೆ ಹೋಯಿತು. ಈ ಒಂದನ್ನು ಹಿಡಿದವನಿಗೆ ಉಳಿದ ನೂರು ಸಂದೇಹಗಳೂ ಅರ್ಥವತ್ತಾಗುವುವು. ಇದನ್ನು ಬಿಟ್ಟವನ ಕೈಗೆ ನೂರು ಕೀಲಿಕೈಗಳು ಬಂದರೂ ತೆರೆಯಲು ಬಾಗಿಲಿರದು.