ಬಣ್ಣದ ಅಂಟುಪಟ್ಟಿಯೂ ಬಾಲಿಕೆಯರ ಕೈಗೆಲಸವೂ

ಈಚಿನ ವರ್ಷಗಳಲ್ಲಿ ನಮ್ಮ ಬಾಲಿಕೆಯರ ಕೈಗೆಲಸದ ಪೆಟ್ಟಿಗೆಗಳಲ್ಲಿ ಜಪಾನ್ ದೇಶದ ‘ವಾಶಿ ಟೇಪ್’ ಎಂಬ ಬಣ್ಣದ ಕಾಗದದ ಅಂಟುಪಟ್ಟಿಯು ಮನೆಮಾಡಿಕೊಂಡಿರುವುದು. ಪುಸ್ತಕದ ಹೊದಿಕೆ, ಶುಭಾಶಯ ಪತ್ರ, ಲೇಖನಿಗಳ ಡಬ್ಬಿ, ಚಿತ್ರದ ಚೌಕಟ್ಟು ಇವುಗಳನ್ನೆಲ್ಲಾ ಇದರಿಂದ ಅಲಂಕರಿಸುವರು. ಇದು ಕೈಗೆಲಸವೋ, ಬರಿಯ ಕೊಂಡುತರುವ ಕೆಲಸವೋ ಎಂದು ಕೆಲವು ತಾಯ್ತಂದೆಗಳು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದದ್ದೇ.

ಪಟ್ಟಿಯ ಚರಿತ್ರೆಯನ್ನು ನೋಡಿದರೆ ಉತ್ತರಕ್ಕೆ ದಾರಿಯು ದೊರೆಯುವುದು. ಕುರಾಶಿಕಿ ಪಟ್ಟಣದ ಕಾಮೋಯಿ ಎಂಬ ಕಾರ್ಖಾನೆಯು 1923ರಲ್ಲಿ ನೊಣ ಹಿಡಿಯುವ ಅಂಟುಕಾಗದವನ್ನು ಮಾಡುವುದಕ್ಕಾಗಿ ಹುಟ್ಟಿತು. ಅನಂತರ ಅಲ್ಲಿ ಬಣ್ಣ ಬಳಿಯುವವರಿಗೋಸ್ಕರ ‘ಮಾಸ್ಕಿಂಗ್ ಟೇಪ್’ ಮಾಡತೊಡಗಿದರು. ಬಣ್ಣ ತಾಗಬಾರದ ಅಂಚಿಗೆ ಅದನ್ನು ಅಂಟಿಸಿ, ಕೆಲಸ ಮುಗಿದ ಮೇಲೆ ಕಿತ್ತುಬಿಡುವರು. 2006ರಲ್ಲಿ ಟೋಕಿಯೋ ನಗರದ ಮೂವರು ಸ್ತ್ರೀಯರು ಕಾರ್ಖಾನೆಯನ್ನು ನೋಡಬೇಕೆಂದು ಕೇಳಿಕೊಂಡು, ಆ ಟೇಪಿನ ವಿಷಯವಾಗಿ ತಾವೇ ರಚಿಸಿದ ಕಿರುಪುಸ್ತಕವನ್ನೂ ಕಳುಹಿಸಿದರು. ಅದರ ಫಲವಾಗಿಯೇ ಅಲಂಕಾರದ ಬಣ್ಣಬಣ್ಣದ ಪಟ್ಟಿಗಳು ಅಂಗಡಿಗೆ ಬಂದವು. ಕೆಲಸಗಾರರ ಸಾಧಾರಣ ಸಾಮಗ್ರಿಯಲ್ಲಿ ಅಂದವನ್ನು ಕಂಡದ್ದೇ ಆ ಸ್ತ್ರೀಯರ ಕೌಶಲ.

ನಾವಾದರೋ ಸಿದ್ಧವಾದ ಹೂಬಳ್ಳಿಯ ಸುರುಳಿಯನ್ನು ಕೊಂಡು ಅಂಟಿಸಿದರೆ, ಅವರ ಕಣ್ಣಿನ ಫಲವನ್ನು ಪಡೆದೆವೇ ಹೊರತು ಆ ಕಣ್ಣನ್ನು ಪಡೆಯಲಿಲ್ಲ. ಇದಲ್ಲದೆ ಇನ್ನೊಂದು ಕೇಡುಂಟು. ಹತ್ತು ಸುರುಳಿಗಳನ್ನು ತರಬಲ್ಲವಳ ಪುಸ್ತಕವು ಮೆರೆಯುವಾಗ, ಒಂದನ್ನೂ ತರಲಾರದವಳು ತನ್ನ ಪುಸ್ತಕವನ್ನು ಮೇಜಿನ ಕೆಳಗೆ ಅಡಗಿಸುವಳು. ಕೈಗೆ ಸಲ್ಲಬೇಕಾದ ಅಂಕವು ಹಣದ ಚೀಲಕ್ಕೆ ಸಂದರೆ ಅದು ವಿದ್ಯೆಯೆನಿಸದು.

ಆದುದರಿಂದ ಪಟ್ಟಿಯನ್ನು ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ಬಣ್ಣದ ಅಂಗಡಿಗಳಲ್ಲಿ ದೊರೆಯುವ ಸಾದಾ ಮಾಸ್ಕಿಂಗ್ ಟೇಪನ್ನು ಶಾಲೆಯೇ ಕೊಂಡು ಎಲ್ಲರಿಗೂ ಸಮನಾಗಿ ಹಂಚಲಿ. ಅದು ಕಾಗದದ್ದಾದ ಕಾರಣ ಕೈಯಿಂದಲೇ ಹರಿಯುವುದು, ಬಣ್ಣವನ್ನೂ ಹಿಡಿಯುವುದು. ಓರೆಯಾದರೆ ಮೆಲ್ಲನೆ ಎತ್ತಿ ಮತ್ತೆ ಅಂಟಿಸಬಹುದು. ಬಾಲಿಕೆಯು ಮೊದಲು ಅದನ್ನು ಮೇಣ ಹಚ್ಚಿದ ಕಾಗದದ ಮೇಲಿಟ್ಟು, ಅಳತೆ ಹಾಕಿ, ರಂಗೋಲಿಯ ಎಳೆಯನ್ನೋ ಸೀರೆಯ ಅಂಚನ್ನೋ ತನ್ನ ಕೈಯಿಂದಲೇ ಬರೆಯಲಿ. ಒಣಗಿದ ಮೇಲೆ ತೆಗೆದು ಬೇಕಾದಲ್ಲಿ ಅಂಟಿಸಲಿ. ಅಧ್ಯಾಪಿಕೆಯರು ರೇಖೆಯ ನೇರಕ್ಕೂ ಬಣ್ಣಗಳ ಹೊಂದಿಕೆಗೂ ಅಂಕ ಕೊಡಲಿ, ಪಟ್ಟಿಯ ಬೆಲೆಗೆ ಕೊಡದಿರಲಿ.

ತಾಯ್ತಂದೆಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮಗಳು ಇನ್ನೊಂದು ಸುರುಳಿ ಬೇಕೆಂದಾಗ, ಕೈಯಲ್ಲಿರುವುದರಿಂದ ಏನು ಮಾಡಿದೆಯೆಂದು ಮೊದಲು ಕೇಳಿರಿ.